ಧಾರವಾಡದ ಬೀದಿನಾಯಿ ಇಂಗ್ಲೆಂಡಿನ ಹಡಗು ಹತ್ತಬಹುದಾ?

ಕೆಲಗೇರಿ ದಂಡೆ · ಧಾರವಾಡ · 2 ಜೂನ್ 2025

ನಮಸ್ಕಾರ ಎಲ್ಲರಿಗೂ. ಮೂರು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ಕೇಳುವ ಪಾಳಿ ನನ್ನದು.

ನಮ್ಮ ಮನೆಯವರು ಏಪ್ರಿಲ್‌ನಲ್ಲಿ ಕೆಲಸಕ್ಕೆ ಅಂತ ಇಂಗ್ಲೆಂಡಿನ ಕೋಲ್‌ಚೆಸ್ಟರ್‌ಗೆ ಹೋಗಿದ್ದಾರೆ. ನಾನು ಸೆಪ್ಟೆಂಬರ್‌ನಲ್ಲಿ ಹೊರಡಬೇಕು ಅಂತ ಮಾತಾಗಿದೆ. ಸಾಮಾನಿನ ಚಿಂತೆ ಇಲ್ಲ. ಚಿಂತೆ ಎಲ್ಲ ಪೇಡಾನದ್ದು. ಪೇಡಾ ಅಂದರೆ ನಮ್ಮ ನಾಯಿ. 2019ರ ಆಗಸ್ಟ್ ಮಳೆ ನೆನಪಿದೆಯಲ್ಲ, ಆ ವಾರ ನಮ್ಮ ಓಣಿಯ ಸಿಡಿ (ಮೋರಿ ಮೇಲಿನ ಸಣ್ಣ ಸೇತುವೆ) ಕೆಳಗೆ ಒದ್ದೆಯಾಗಿ ಮುದುಡಿ ಕೂತಿದ್ದ ಮರಿ. ಬಣ್ಣ ಥೇಟ್ ನಮ್ಮೂರ ಪೇಡಾದ್ದು, ಮೇಲೆ ಸಕ್ಕರೆ ಉದುರಿದ ಹಾಗೆ ಮೂತಿ ಮೇಲೆ ಬಿಳಿ ಚುಕ್ಕೆ. ಈಗ ಆರು ವರ್ಷ, 17 ಕಿಲೋ. ತಳಿ ಗಿಳಿ ಏನೂ ಇಲ್ಲ, ಅಪ್ಪಟ ಬೀದಿನಾಯಿ.

ಒಬ್ಬ ಏಜೆಂಟರನ್ನು ಕೇಳಿದೆ. ವಿಮಾನದ ಕಾರ್ಗೋದಲ್ಲಿ ಕಳಿಸುತ್ತೇವೆ ಅಂದರು. ಮೊತ್ತ ಕೇಳಿ ನಮ್ಮ ಅತ್ತೆ ಚಹಾದ ಕಪ್ಪು ಕೆಳಗಿಟ್ಟರು. "ಅಷ್ಟು ರೊಕ್ಕದಾಗ ಎರಡು ಎಮ್ಮಿ ಬರ್ತಾವ" ಅಂದರು. ಯುರೋಪಿನವರೆಗೆ ವಿಮಾನ, ಅಲ್ಲಿಂದ ಹಡಗು, ಹೀಗೂ ಹೋಗಬಹುದು ಅಂತ ಯಾರೋ ಹೇಳಿದರು. ಇಲ್ಲಿ ಯಾರಾದರೂ ಹಾಗೆ ಹೋಗಿದ್ದೀರಾ? ರೇಬೀಸ್ ಇಂಜೆಕ್ಷನ್ ಪ್ರತಿ ಮಾರ್ಚ್‌ನಲ್ಲಿ ತಪ್ಪದೆ ಆಗಿದೆ. ಚರ್ಮದಡಿ ಇಡುವ ಗುರುತಿನ ಚಿಪ್ ಹಾಕಿಸಿಲ್ಲ.

ನವಲೂರು ಪೇರಲ · 2 ಜೂನ್

ತಂಗಿ, ತಪ್ಪು ತಿಳಿಯಬೇಡ. ಆ ನಾಯಿಗೆ ತನ್ನ ಓಣಿ ಗೊತ್ತು, ಹಾಲಿನವನು ಗೊತ್ತು, ವೈರಿ ನಾಯಿಗಳು ಗೊತ್ತು. ಇಂಗ್ಲೆಂಡ್ ಅವನಿಗೆ ಯಾಕೆ ಬೇಕು? ಅತ್ತೆಯ ಹತ್ತಿರ ಬಿಟ್ಟು ಹೋಗು. ನಾವೆಲ್ಲ ಇಲ್ಲೇ ಇದ್ದೇವಲ್ಲ.

ಹಾವೇರಿ ಏಲಕ್ಕಿ · 2 ಜೂನ್

ಒಂದು ದಡ್ಡ ಪ್ರಶ್ನೆ. ಗೋವಾದಿಂದಲೋ ಮುಂಬೈಯಿಂದಲೋ ನೇರವಾಗಿ ಹಡಗು ಇಲ್ಲವಾ? ನಮ್ಮಜ್ಜನ ಕಾಲದಲ್ಲಿ ಬ್ಯಾರಿಸ್ಟರ್ ಓದೋಕೆ ಹಡಗಿನಲ್ಲೇ ಹೋಗುತ್ತಿದ್ದರಲ್ಲ.

ಉಣಕಲ್ಲಿನ ಬಾಣ · 3 ಜೂನ್

ಏಲಕ್ಕಿಯವರೇ, ಅದು ಅಜ್ಜನ ಕಾಲಕ್ಕೇ ಮುಗಿಯಿತು. ಮುಂಬೈಯ ಬಲ್ಲಾರ್ಡ್ ಪಿಯರ್‌ನಿಂದ ಇಂಗ್ಲೆಂಡಿಗೆ ಜನ ಒಯ್ಯುವ ಹಡಗು ಈಗಿಲ್ಲ. ದಕ್ಷಿಣದಲ್ಲಿ ನಾಗಪಟ್ಟಿಣದಿಂದ ಶ್ರೀಲಂಕಾದ ಕಂಕೇಸಂತುರೈಗೆ 2023ರಲ್ಲಿ ಒಂದು ಫೆರಿ ಶುರುವಾಯಿತು. ಆದರೆ ಅದು ನಮಗೆ ಉಪಯೋಗಕ್ಕೆ ಬರುವ ದಿಕ್ಕಲ್ಲ.

ಅಕ್ಕಾರೆ, ನಾನು ಹೋಗಿದ್ದೇನೆ. 2023ರಲ್ಲಿ, ಬಾಣನ ಜೊತೆ. ಬಾಣ ಅಂದರೆ ನಮ್ಮ ಮುಧೋಳ, ಅರ್ಧ ಮುಧೋಳ ಅನ್ನಿ. ಹೋಗಿದ್ದು ಹುಬ್ಬಳ್ಳಿಯಿಂದ ಹಾರ್ವಿಚ್‌ಗೆ. ನೀವು ಕೋಲ್‌ಚೆಸ್ಟರ್ ಅಂದಿರಿ, ಹಾರ್ವಿಚ್ ಬಂದರು ಅಲ್ಲೇ ಪಕ್ಕ. ನಿಮ್ಮ ಅದೃಷ್ಟ ದೊಡ್ಡದು.

ಹಡಗು ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. ಬ್ರಿಟನ್ನಿಗೆ ವಿಮಾನದಲ್ಲಿ ಬರುವ ಸಾಕುನಾಯಿ ಸರಕಾಗಿಯೇ ಬರಬೇಕು. ಕ್ಯಾಬಿನ್‌ನಲ್ಲಿ ಕಾಲಡಿ ಇಟ್ಟುಕೊಳ್ಳುವಂತಿಲ್ಲ, ನಿಮ್ಮ ಲಗೇಜಿನ ಜೊತೆ ಕಳಿಸುವಂತೆಯೂ ಇಲ್ಲ. ಕಣ್ಣು ಕಾಣದವರ ನಾಯಿಯಂಥ ಸಹಾಯಕ ನಾಯಿಗಳಿಗೆ ಮಾತ್ರ ವಿನಾಯಿತಿ. ಸರಕು ಅಂದ ಕೂಡಲೇ ಎರಡೂ ಕಡೆ ಏಜೆಂಟ್ ಬೇಕು. ನಿಮ್ಮ ಅತ್ತೆಯ ಎರಡು ಎಮ್ಮೆ ಅಲ್ಲಿಗೇ ಹೋಗುತ್ತವೆ. ಆದರೆ ಆಮ್‌ಸ್ಟರ್‌ಡ್ಯಾಮ್‌ಗೋ ಪ್ಯಾರಿಸ್‌ಗೋ ಹೋಗುವ ವಿಮಾನದಲ್ಲಿ ನಾಯಿ ನಿಮ್ಮ ಟಿಕೆಟಿನ ಜೊತೆಗೇ, ಕೆಳಗೆ ಸಾಮಾನಿಡುವ ಹೋಲ್ಡ್‌ನಲ್ಲಿ ಬರಬಹುದು. ಚೀಲ ಸೇರಿ 8 ಕಿಲೋ ಒಳಗಿನ ಸಣ್ಣ ನಾಯಿಯಾದರೆ ಕ್ಯಾಬಿನ್‌ನಲ್ಲೂ ಬರಬಹುದು. ಅಲ್ಲಿಂದ ಸಮುದ್ರ ದಾಟಿದರಾಯಿತು.

ದಾಟುವ ದಾರಿ ಬಹಳ ಇವೆ, ಕಾರಿಲ್ಲದವರಿಗೆ ಮಾತ್ರ ಕಡಿಮೆ. ಪ್ಯಾರಿಸ್-ಲಂಡನ್ ಯೂರೋಸ್ಟಾರ್ ರೈಲು ಸಾಕುನಾಯಿ ಹತ್ತಿಸಿಕೊಳ್ಳುವುದಿಲ್ಲ. ಸಮುದ್ರದಡಿಯ ಸುರಂಗದಲ್ಲಿ ವಾಹನ ಹೊತ್ತು ಹೋಗುವ ಲೆ ಶಟಲ್ ರೈಲು 35 ನಿಮಿಷದಲ್ಲಿ ದಾಟಿಸುತ್ತದೆ, ಆದರೆ ವಾಹನದ ಒಳಗೇ ಕೂತಿರಬೇಕು. ಕ್ಯಾಲೆ-ಡೋವರ್ ಫೆರಿಯಲ್ಲೂ ನಡೆದು ಹತ್ತುವವರ ಜೊತೆ ನಾಯಿ ಬಿಡುವುದಿಲ್ಲ. ನಾನು ಆರಿಸಿದ್ದು ಹಾಲೆಂಡಿನ ಹೂಕ್ ವಾನ್ ಹಾಲೆಂಡ್‌ನಿಂದ ಹಾರ್ವಿಚ್‌ಗೆ ಹೋಗುವ ಸ್ಟೆನಾ ಲೈನ್ ಕಂಪನಿಯ ಹಡಗು. ಅದರಲ್ಲಿ ನಾಯಿ ಹಿಡಿದುಕೊಂಡು ನಡೆದೇ ಹತ್ತಬಹುದು. ರಾತ್ರಿ ಹತ್ತರ ಸುಮಾರಿಗೆ ಬಿಟ್ಟು ಬೆಳಿಗ್ಗೆ ಆರೂವರೆ ಹೊತ್ತಿಗೆ ಮುಟ್ಟಿಸುತ್ತಾರೆ. ನಾಯಿ ಇರುವವರಿಗೆ ಬೇರೆ ಕ್ಯಾಬಿನ್ ಇದೆ, ಒಂದೇ ಕೋಣೆಯಲ್ಲಿ ಮಲಗಬಹುದು. ಅವು ಬೇಗ ಖಾಲಿಯಾಗುತ್ತವೆ, ಹುಷಾರು.

ಈಗ ನನ್ನ ಪೆದ್ದುತನದ ಕಥೆ. ದಯವಿಟ್ಟು ಇದನ್ನು ಎರಡು ಸಲ ಓದಿ.

ನಮ್ಮ ಕಡೆಯ ಒಂದು ಕ್ಲಿನಿಕ್‌ನಲ್ಲಿ ಬಾಣನಿಗೆ ಮೊದಲು ರೇಬೀಸ್ ಲಸಿಕೆ ಹಾಕಿದರು. ಚಿಪ್ ಸ್ಟಾಕ್ ಇರಲಿಲ್ಲ, ಹದಿನೈದು ದಿನ ಬಿಟ್ಟು ಹಾಕಿದರು. ಆಮೇಲೆ ರಕ್ತ ಕಳಿಸಿದೆವು, ಫಲಿತಾಂಶ ಚೆನ್ನಾಗಿ ಬಂತು, ಟಿಕೆಟ್ ತೆಗೆದೆವು. ಹೊರಡುವ ಹತ್ತು ದಿನ ಮುಂಚೆ ಕಾಗದ ನೋಡಿದವರೊಬ್ಬರು ಎರಡು ತಾರೀಖಿನ ಮೇಲೆ ಬೆರಳಿಟ್ಟರು. ಲಸಿಕೆ ಮೊದಲು, ಚಿಪ್ ಆಮೇಲೆ. ಅಂದರೆ ಲಸಿಕೆ ಹಾಕಿಸಿಕೊಂಡಿದ್ದು ಇದೇ ನಾಯಿ ಅನ್ನುವುದಕ್ಕೆ ಪುರಾವೆ ಇಲ್ಲ. ಆ ಲಸಿಕೆ ಲೆಕ್ಕಕ್ಕಿಲ್ಲ, ಅದರ ಮೇಲೆ ನಿಂತ ರಕ್ತ ಪರೀಕ್ಷೆಯೂ ಇಲ್ಲ. ಮತ್ತೆ ಒಂದನೇ ಇಯತ್ತೆಯಿಂದ ಶುರು. ನಾಲ್ಕೂವರೆ ತಿಂಗಳು ಹೋಯಿತು, ಟಿಕೆಟಿನ ದುಡ್ಡೂ ಹೋಯಿತು. ಹೆಂಡತಿ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ಬಾಣನ ಜೊತೆ ಮಾತ್ರ ಮಾತಾಡಿದಳು.

ಆದ್ದರಿಂದ ಪೇಡಾನಿಗೆ ನೀವು ಪ್ರತಿ ಮಾರ್ಚ್‌ನಲ್ಲಿ ಹಾಕಿಸಿದ ಲಸಿಕೆ ಅವನ ಆರೋಗ್ಯಕ್ಕೆ ಒಳ್ಳೆಯದು. ಇಂಗ್ಲೆಂಡಿನವರ ಕಣ್ಣಿಗೆ ಅದು ಇಲ್ಲವೇ ಇಲ್ಲ.

ಗದಗಿನ ದನದ ಡಾಕ್ಟರ್ · 3 ಜೂನ್

ಬಾಣನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪಶುವೈದ್ಯ. ಇಂಥ ಕೇಸು ವರ್ಷಕ್ಕೆ ಒಂದೆರಡಾದರೂ ನನ್ನ ಹತ್ತಿರ ಬರುತ್ತವೆ, ಬಹಳ ಸಲ ತಡವಾಗಿಯೇ ಬರುತ್ತವೆ.

ಬ್ರಿಟನ್‌ಗೂ ಯುರೋಪ್ ಒಕ್ಕೂಟಕ್ಕೂ ದೇಶಗಳ ಪಟ್ಟಿ ಇವೆ. ಭಾರತ ಆ ಪಟ್ಟಿಯಲ್ಲಿಲ್ಲ, ನಮ್ಮಲ್ಲಿ ಹುಚ್ಚುನಾಯಿ ರೋಗ ಇನ್ನೂ ಇದೆ. ಪಟ್ಟಿಯ ಹೊರಗಿನ ದೇಶದ ನಾಯಿಗೆ ಮೊದಲು ಚಿಪ್. ಐಎಸ್ಒ ಅನ್ನುವ ಅಂತರರಾಷ್ಟ್ರೀಯ ಮಾದರಿಯದ್ದು, 15 ಅಂಕಿಯ ನಂಬರ್ ಇರುವಂಥದ್ದು. ಆಮೇಲೆ ಲಸಿಕೆ, ಅದೇ ದಿನ ಆದರೂ ನಡೆಯುತ್ತದೆ, ಚಿಪ್ ಓದಿ ನಂಬರ್ ಬರೆದುಕೊಂಡು ಸೂಜಿ ಎತ್ತಬೇಕು ಅಷ್ಟೇ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಯಬೇಕು. ಅದಕ್ಕೆ ಟೈಟರ್ ಟೆಸ್ಟ್ ಅನ್ನುತ್ತಾರೆ. ರಕ್ತದಲ್ಲಿ ರೇಬೀಸ್ ವಿರುದ್ಧದ ಪ್ರತಿಕಾಯ ಒಂದು ಮಿಲಿಲೀಟರ್‌ಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಅದಕ್ಕಿಂತ ಹೆಚ್ಚಿರಬೇಕು. ಊರಿನ ಲ್ಯಾಬ್ ರಿಪೋರ್ಟ್ ನಡೆಯುವುದಿಲ್ಲ, ಯುರೋಪ್ ಒಕ್ಕೂಟ ಒಪ್ಪಿದ ಲ್ಯಾಬ್‌ನದ್ದೇ ಬೇಕು.

ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ರಿಪೋರ್ಟ್ ಬಂದ ದಿನದಿಂದಲ್ಲ. ಇಲ್ಲಿ ಜನ ಸುಮ್ಮನೆ ಮೂರು ವಾರ ಜಾಸ್ತಿ ಕಾಯುತ್ತಾರೆ. ಇನ್ನೊಂದು ಸಮಾಧಾನ ಏನೆಂದರೆ, ಒಮ್ಮೆ ಪಾಸಾದರೆ ಮುಂದೆ ಲಸಿಕೆ ಒಂದು ದಿನವೂ ತಪ್ಪದಂತೆ ನೋಡಿಕೊಂಡರೆ ಸಾಕು, ಟೆಸ್ಟ್ ಮತ್ತೆ ಬೇಡ.

ಇಷ್ಟೆಲ್ಲ ಯಾಕೆ ಅಂತ ಸಿಟ್ಟು ಬರುತ್ತದೆ, ಗೊತ್ತು. ಬ್ರಿಟನ್ 1922ರಲ್ಲಿ ತನ್ನ ನೆಲದ ನಾಯಿಗಳಲ್ಲಿ ಈ ರೋಗವನ್ನು ಮುಗಿಸಿತು. ಆಮೇಲೆ ಹೊರಗಿನಿಂದ ಬಂದ ನಾಯಿಯನ್ನು ಆರು ತಿಂಗಳು ಬೇರೆ ಇಡುತ್ತಿದ್ದರು. ನಮ್ಮ ದೇಶದ ನಾಯಿಗಳಿಗೆ ಆ ಆರು ತಿಂಗಳ ಸೆರೆ ತಪ್ಪಿದ್ದು 2012ರಲ್ಲಿ. ಈಗ ಕಾಯುವುದಾದರೂ ಮನೆಯಲ್ಲೇ ಅಲ್ವಾ?

ಕೆಲಗೇರಿ ದಂಡೆ · 3 ಜೂನ್

ಡಾಕ್ಟ್ರೇ, ಕ್ಯಾಲೆಂಡರ್ ಹಿಡಿದು ಕೂತೆ. ಈ ಶನಿವಾರ 7ಕ್ಕೆ ಚಿಪ್ ಮತ್ತು ಲಸಿಕೆ ಆದರೂ ರಕ್ತಕ್ಕೆ ಜುಲೈ ಎರಡನೇ ವಾರ. ಅಲ್ಲಿಂದ ಮೂರು ತಿಂಗಳು ಅಂದರೆ ಅಕ್ಟೋಬರ್ ಎರಡನೇ ವಾರ. ಸೆಪ್ಟೆಂಬರ್ ಆಗುವುದೇ ಇಲ್ಲ!

ನಾನು ಮೊದಲು ಹೋಗಿ, ಆಮೇಲೆ ನಮ್ಮ ತಮ್ಮ ಅವನನ್ನು ಕರೆತಂದರೆ?

ಉಣಕಲ್ಲಿನ ಬಾಣ · 3 ಜೂನ್

ಆಗುತ್ತದೆ, ಆದರೆ ಅದಕ್ಕೂ ಗಂಟು ಇದೆ. ನಾಯಿ ಹೋಗುವ ದಿನಕ್ಕೆ ಹಿಂದೆ ಮುಂದೆ ಐದು ದಿನದೊಳಗೆ ಮಾಲೀಕರೂ ಅದೇ ಪ್ರಯಾಣ ಮಾಡಬೇಕು. ಇಲ್ಲದಿದ್ದರೆ ಅದು ವ್ಯಾಪಾರದ ಸಾಗಣೆ ಅಂತ ಲೆಕ್ಕ, ಕಾಗದವೆಲ್ಲ ಬೇರೆ. ತಮ್ಮನ ಟಿಕೆಟಿಗೆ ಹಾಕುವ ದುಡ್ಡಿನಲ್ಲಿ ನೀವೇ ತಡವಾಗಿ ಹೋಗಿ. ದೀಪಾವಳಿ ಮನೆಯಲ್ಲಿ ಮಾಡಿ ಹೊರಡಿ.

ನವಲೂರು ಪೇರಲ · 4 ಜೂನ್

ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ತಾಸು ವಿಮಾನದ ಹೊಟ್ಟೆಯಲ್ಲಿ ಕತ್ತಲೆ. ಮೂಗು ಗೊತ್ತಿಲ್ಲದ ವಾಸನೆ. ನಾಯಿಗೆ ಇದನ್ನು ಹೇಳಿ ಒಪ್ಪಿಸೋಕೆ ಬರುತ್ತಾ? ನಮ್ಮ ಪ್ರೀತಿಗೆ ಅದಕ್ಕೆ ಶಿಕ್ಷೆ ಯಾಕೆ?

ಉಣಕಲ್ಲಿನ ಬಾಣ · 4 ಜೂನ್

ಕಾಕಾ, ಕಿವಿಗೆ ಹಾಕಿಕೊಂಡಿದ್ದೇನೆ. ನಿಮ್ಮ ಮಾತು ಸುಳ್ಳಲ್ಲ. ಆ ಹತ್ತು ತಾಸು ನಾನು ಮೇಲೆ ಕೂತು ಒಂದು ತುತ್ತು ತಿನ್ನಲಿಲ್ಲ. ಹದಿನಾಲ್ಕು ವರ್ಷದ ಮುದಿನಾಯಿಯಾಗಿದ್ದರೆ, ಹೃದಯದ ತೊಂದರೆ ಇದ್ದಿದ್ದರೆ ನಾನೂ ಬಿಟ್ಟು ಹೋಗುತ್ತಿದ್ದೆ. ಆದರೆ ಮನೆಯವರೆಲ್ಲ ಹೋದ ಮೇಲೆ ಗೇಟಿನ ಹತ್ತಿರ ಕಾಯುತ್ತ ಊಟ ಬಿಟ್ಟ ನಾಯಿಗಳನ್ನೂ ನಾನು ನೋಡಿದ್ದೇನೆ. ಒಂದು ದಿನದ ಕಷ್ಟವೋ, ಆ ಕಾಯುವುದೋ? ಇದರಲ್ಲಿ ಎಲ್ಲರಿಗೂ ಒಂದೇ ಉತ್ತರ ಇಲ್ಲ.

ಒಂದು ವಿಷಯ ಮಾತ್ರ ಹೇಳಿಬಿಡುತ್ತೇನೆ, ನಿದ್ದೆ ಔಷಧಿ ಕೊಡಬೇಡಿ. ಪಾಪ ಮಲಗಿಕೊಂಡು ಹೋಗಲಿ ಅಂತ ಅನಿಸುತ್ತದೆ. ಆದರೆ ಮೇಲೆ ಹೋದಾಗ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಅದು ಅಪಾಯ. ಮಂಕಾದ ನಾಯಿಯನ್ನು ವಿಮಾನದವರು ಹತ್ತಿಸಿಕೊಳ್ಳುವುದೂ ಇಲ್ಲ. ಅದರ ಬದಲು ಪೆಟ್ಟಿಗೆಯ ಅಭ್ಯಾಸ ಈಗಿಂದಲೇ ಮಾಡಿಸಿ.

ಗೋಕುಲ ರೋಡ್ ಗ್ಯಾರೇಜ್ · 4 ಜೂನ್

ಪೆಟ್ಟಿಗೆ ಅಂದ ಮೇಲೆ ನಾನು ಬರಲೇಬೇಕಲ್ಲ. ಬಾಣನ ಪೆಟ್ಟಿಗೆ ಮಾಡಿಸಿಕೊಟ್ಟಿದ್ದು ನಾನೇ, ನಮ್ಮ ಗ್ಯಾರೇಜಿನ ಪಕ್ಕದ ಬಡಿಗ್ಯಾರ ಕಡೆಯಿಂದ. ಮುಧೋಳ ನಾಯಿ ಕಾಲು ಉದ್ದ, ಅಂಗಡಿಯ ಪೆಟ್ಟಿಗೆಯಲ್ಲಿ ತಲೆ ತಾಗುತ್ತಿತ್ತು.

ಅಳತೆ ಹೀಗೆ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಒಂದು ಅಳತೆ, ನೆಲದಿಂದ ಮುಂಗಾಲಿನ ಮೊಣಕೈವರೆಗೆ ಇನ್ನೊಂದು. ಮೊದಲನೆಯದಕ್ಕೆ ಎರಡನೆಯದರ ಅರ್ಧ ಕೂಡಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆ ಅಥವಾ ಕಿವಿ, ಯಾವುದು ಮೇಲಿದೆಯೋ ಅಲ್ಲಿವರೆಗೆ ಎತ್ತರ, ಅದಕ್ಕೆ ಕೆಳಗಿನ ಹಾಸಿಗೆಯ ದಪ್ಪ ಸೇರಿಸಿ. ಪೇಡಾ ಮೂಗಿನಿಂದ ಬಾಲಕ್ಕೆ 70 ಸೆಂ.ಮೀ., ಮೊಣಕೈ 28 ಇದ್ದರೆ ಪೆಟ್ಟಿಗೆ ಕನಿಷ್ಠ 84 ಉದ್ದ. ಒಳಗೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು, ವಿಮಾನ ಕಂಪನಿಗಳ ಸಂಘ ಐಎಟಿಎ ಕೇಳುವುದು ಇದನ್ನೇ.

ಬಡಿಗ್ಯಾರು ಮೊದಲು ಸಾಗವಾನಿ ಹಲಗೆ ತಂದಿದ್ದರು, ಮದುವೆ ಪೆಟ್ಟಿಗೆಯ ಹಾಗೆ ಮಾಡುತ್ತೇನೆ ಅಂತ. ಬೇಡ ಅಂದೆ. ಬೇರೆ ದೇಶಕ್ಕೆ ಹೋಗುವ ಹಸಿ ಹಲಗೆಯ ಪೆಟ್ಟಿಗೆಗೆ ಬಿಸಿ ಉಪಚಾರ ಮಾಡಿಸಿ ಮುದ್ರೆ ಹಾಕಿಸಬೇಕು, ಮರದ ಹುಳು ಹೋಗಬಾರದು ಅಂತ. ಪ್ಲೈವುಡ್‌ಗೆ ಆ ರಗಳೆ ಇಲ್ಲ. ನಿಮ್ಮ 17 ಕಿಲೋ ನಾಯಿಗೆ ಇದೆಲ್ಲ ಬೇಡ ಅಕ್ಕಾ, ಪ್ಲಾಸ್ಟಿಕ್ಕಿನದೇ ಸಿಗುತ್ತದೆ. ಎರಡು ಭಾಗ ಇರುವುದನ್ನು ತಗೊಳ್ಳಿ, ಇಳಿದ ಮೇಲೆ ಮೇಲಿನದನ್ನು ಮಗುಚಿ ಕೆಳಗಿನದರಲ್ಲಿ ಕೂರಿಸಿ ಒಯ್ಯಬಹುದು. ಅದರ ಪ್ಲಾಸ್ಟಿಕ್ ಕ್ಲಿಪ್ ನಂಬಬೇಡಿ, ನಟ್ಟು ಬೋಲ್ಟ್ ಹಾಕಿ ಬಿಗಿಯಿರಿ. ಸ್ಪ್ಯಾನರ್ ಚೆಕ್-ಇನ್ ಲಗೇಜಿನಲ್ಲಿಡಿ, ಕೈಚೀಲದಲ್ಲಿ ಬೇಡ.

ಹಾವೇರಿ ಏಲಕ್ಕಿ · 5 ಜೂನ್

ನಮ್ಮ ಮನೆಯಲ್ಲಿ ಪಗ್ ಇದೆ. ಮಗಳು ಜರ್ಮನಿಗೆ ಕರೆತಾ ಅನ್ನುತ್ತಿದ್ದಾಳೆ.

ಗದಗಿನ ದನದ ಡಾಕ್ಟರ್ · 5 ಜೂನ್

ಏಲಕ್ಕಿಯವರೇ, ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳನ್ನು ಬಹಳಷ್ಟು ವಿಮಾನದವರು ಹೋಲ್ಡ್‌ಗೆ ತೆಗೆದುಕೊಳ್ಳುವುದಿಲ್ಲ. ಅವಕ್ಕೆ ಮೊದಲೇ ಉಸಿರಿನ ದಾರಿ ಸಣ್ಣದು, ಸೆಖೆಯಲ್ಲಿ ಏದುಸಿರು ಬಿಟ್ಟರೆ ತಡೆಯುವುದಿಲ್ಲ. 8 ಕಿಲೋ ಒಳಗಿದ್ದರೆ ಕ್ಯಾಬಿನ್ ಕೇಳಿ ನೋಡಿ. ಅದಕ್ಕೆ ಮೊದಲು ಅದರ ತೂಕ ಇಳಿಸಿ, ಹಾವೇರಿಯ ಪಗ್‌ಗಳೆಲ್ಲ ಗುಂಡು ಗುಂಡಾಗಿರುತ್ತವೆ.

ಪಿಟ್‌ಬುಲ್ ಇರುವವರಿಗೂ ಒಂದು ಮಾತು. ಬ್ರಿಟನ್‌ನಲ್ಲಿ ಪಿಟ್‌ಬುಲ್ ಟೆರಿಯರ್, ಜಪಾನೀಸ್ ಟೋಸಾ, ಡೋಗೋ ಅರ್ಜೆಂಟೀನೋ, ಫಿಲಾ ಬ್ರಾಸಿಲೆರೋ, ಎಕ್ಸ್ಎಲ್ ಬುಲ್ಲಿ ಇವಿಷ್ಟಕ್ಕೂ ನಿಷೇಧ ಇದೆ. ಕಾಗದದಲ್ಲಿ ತಳಿ ಏನಂತ ಬರೆದಿದೆ ಅನ್ನುವುದಕ್ಕಿಂತ ನಾಯಿ ನೋಡೋಕೆ ಹೇಗಿದೆ ಅನ್ನುವುದನ್ನೇ ಅವರು ನೋಡುತ್ತಾರೆ.

ನವಲೂರು ಪೇರಲ · 5 ಜೂನ್

ಮುಧೋಳದ ಮಾತು ಬಂತಲ್ಲ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ 5ನೇ ಜಾರ್ಜ್ ದೊರೆಗೆ ಎರಡು ಮರಿ ಕಾಣಿಕೆ ಕೊಟ್ಟಿದ್ದರು. ಆ ಮರಿಗಳಿಗೆ ಟೈಟರ್ ಕೇಳಿದ್ದರಾ ಅಂತ ಯಾರಾದರೂ ವಿಚಾರಿಸಿ ಹೇಳಿ. ಒಟ್ಟಿನಲ್ಲಿ ನಮ್ಮ ಸೀಮೆಯ ನಾಯಿ ಅಲ್ಲಿ ಬಾಳಿದೆ ಅಂತಾಯಿತು. ನಾನು ಅರ್ಧ ಸೋತೆ.

ಕೆಲಗೇರಿ ದಂಡೆ · 11 ಜುಲೈ

ಚಿಪ್, ಲಸಿಕೆ ಜೂನ್ 7ಕ್ಕೇ ಆಯಿತು. ನಿನ್ನೆ ರಕ್ತ ತೆಗೆದರು. ಕಾಗದದ ಮೇಲೆ 15 ಅಂಕಿ ಬರೆಯುವಾಗ ನಾನು ಪಕ್ಕದಲ್ಲಿ ನಿಂತು ಒಂದೊಂದಾಗಿ ಓದಿದೆ. ಕಾಂಪೌಂಡರ್ ನಗುತ್ತಿದ್ದರು. ಎರಡನೇ ಪ್ರತಿಯಲ್ಲಿ 6 ಇದ್ದ ಕಡೆ 0 ಬರೆದಿದ್ದರು, ಆಮೇಲೆ ನಗು ನಿಂತಿತು.

ಮನೆಯಲ್ಲಿ ಪೆಟ್ಟಿಗೆ ಬಂದಿದೆ. ಮೊದಲ ವಾರ ಅದರ ಹತ್ತಿರವೂ ಸುಳಿಯಲಿಲ್ಲ. ಅತ್ತೆ ಅದರೊಳಗೆ ಕೂತು ಖಡಕ್ ರೊಟ್ಟಿ ಮುರಿದು ತಿಂದು ತೋರಿಸಿದರು. ಉತ್ಪ್ರೇಕ್ಷೆ ಅಲ್ಲ, ಅರ್ಧ ಮೈ ಒಳಗೆ ಹಾಕಿ ಕೂತಿದ್ದರು. ಈಗ ಅವನ ಮಧ್ಯಾಹ್ನದ ನಿದ್ದೆ ಅಲ್ಲೇ.

ಕೆಲಗೇರಿ ದಂಡೆ · 9 ಅಕ್ಟೋಬರ್

ಟೈಟರ್ ಪಾಸ್! ಅಕ್ಟೋಬರ್ 31ರ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮಿಗೆ ನೇರ ವಿಮಾನ, ನಾಯಿಯ ಜಾಗ ಖಾತ್ರಿ ಮಾಡಿಸಿಕೊಂಡೇ ನನ್ನ ಟಿಕೆಟ್ ತೆಗೆದೆ. ಶನಿವಾರ ರಾತ್ರಿಯ ಹಡಗು. ಮನೆಯವರು ಅಲ್ಲಿಯ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೇ ಬರುತ್ತಾರೆ.

ಇಲ್ಲಿಂದ ಬೆಂಗಳೂರಿಗೆ ಕಾರಾ, ರೈಲಾ? ಲಾಡಿಹುಳದ ಗುಳಿಗೆ ಅಂತ ಬೇರೆ ಏನೋ ಇದೆಯಂತೆ. 29ರ ಬುಧವಾರ ಬೆಳಿಗ್ಗೆ 11ಕ್ಕೆ ನಮ್ಮ ಡಾಕ್ಟರರು ಟೈಮ್ ಕೊಟ್ಟಿದ್ದಾರೆ.

ಗೋಕುಲ ರೋಡ್ ಗ್ಯಾರೇಜ್ · 9 ಅಕ್ಟೋಬರ್

ಕಾರು. ರೈಲಿನಲ್ಲಾದರೆ ಫಸ್ಟ್ ಎಸಿಯ ಕೂಪೆ ಪೂರ್ತಿ ನಿಮಗೇ ಸಿಗಬೇಕು, ಇಲ್ಲದಿದ್ದರೆ ನಾಯಿ ಗಾರ್ಡ್ ಡಬ್ಬಿಯ ಪೆಟ್ಟಿಗೆಗೆ. ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿಯದು, 1507 ಮೀಟರ್. ಗಾರ್ಡ್ ಡಬ್ಬಿಯಿಂದ ನಿಮ್ಮ ಬೋಗಿಗೆ ಓಡಿ ನೋಡಿ, ಗೊತ್ತಾಗುತ್ತದೆ.

ಗದಗಿನ ದನದ ಡಾಕ್ಟರ್ · 9 ಅಕ್ಟೋಬರ್

ಬುಧವಾರ ಬೇಡ! ಸ್ವಲ್ಪ ಲೆಕ್ಕ ಮಾಡೋಣ.

ಬ್ರಿಟನ್ ಮುಟ್ಟುವ ಹೊತ್ತಿಗೆ ಲಾಡಿಹುಳದ ಔಷಧಿ ಕೊಟ್ಟು 24 ಗಂಟೆ ಕಳೆದಿರಬೇಕು, 120 ಗಂಟೆ ದಾಟಿರಬಾರದು. ಪ್ರಾಜಿಕ್ವಾಂಟೆಲ್ ಇರುವ ಗುಳಿಗೆ. ಡಾಕ್ಟರರೇ ಕೊಟ್ಟು ತಾರೀಖಿನ ಜೊತೆ ಗಂಟೆಯನ್ನೂ ಬರೆಯಬೇಕು. ನಿಮ್ಮ ಹಡಗು ಭಾನುವಾರ ಅಲ್ಲಿಯ ಬೆಳಿಗ್ಗೆ ಆರೂವರೆಗೆ ಮುಟ್ಟಿದರೆ ನಮ್ಮಲ್ಲಿ ಮಧ್ಯಾಹ್ನ 12. ಬುಧವಾರ 11ಕ್ಕೆ ಕೊಟ್ಟರೆ ಆಗ 97 ಗಂಟೆ. ಸರಿಯಾಗಿದೆ ಅನಿಸುತ್ತದೆ. ಆದರೆ ಅದು ನಾರ್ತ್ ಸೀ, ನವೆಂಬರ್ ತಿಂಗಳು. ಗಾಳಿ ಎದ್ದು ಹಡಗು ಒಂದು ದಿನ ತಡವಾದರೆ 121 ಗಂಟೆ. ಒಂದು ಗಂಟೆಗೋಸ್ಕರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡಾಕ್ಟರನ್ನು ಹುಡುಕುತ್ತೀರಿ. ಗುರುವಾರ ಬೆಂಗಳೂರಿನಲ್ಲಿ ಸಂಜೆ 4ಕ್ಕೆ ಕೊಡಿಸಿ. ಆಗ ಭಾನುವಾರಕ್ಕೆ 68, ಎರಡು ದಿನ ತಡವಾದರೂ 116.

ಶುಕ್ರವಾರ ಎಕ್ಯೂಸಿಎಸ್‌ಗೆ ಹೋಗಿ. ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿ ಅದು, ಅವರ ಸಹಿ ಇಲ್ಲದೆ ನಾಯಿ ದೇಶ ಬಿಡುವಂತಿಲ್ಲ. ಅಪಾಯಿಂಟ್‌ಮೆಂಟ್ ಈಗಲೇ ಮಾಡಿಸಿ. ನೀವು ಎರಡು ಗಡಿ ದಾಟುತ್ತೀರಿ, ಆದ್ದರಿಂದ ಎರಡು ಪ್ರಮಾಣಪತ್ರ. ಒಂದು ಯುರೋಪ್ ಒಕ್ಕೂಟದ್ದು, ಇನ್ನೊಂದು ಬ್ರಿಟನ್ನಿನದು. ಯುರೋಪಿನದು ಇಂಗ್ಲಿಷ್ ಜೊತೆ ಡಚ್ ಭಾಷೆಯಲ್ಲೂ ಇರಬೇಕು, ನೀವು ಇಳಿಯುವುದು ಹಾಲೆಂಡಿನಲ್ಲಿ ಅಲ್ವಾ. ಸಹಿ ನೀಲಿ ಶಾಯಿಯಲ್ಲಿ ಹಾಕಿಸಿ, ಅಚ್ಚಿನ ಬಣ್ಣವೂ ಸಹಿಯ ಬಣ್ಣವೂ ಒಂದೇ ಇರಬಾರದು. ಹತ್ತು ದಿನದೊಳಗೆ ಗಡಿ ಮುಟ್ಟಬೇಕು.

ಹೊರಡುವ ಮುಂಚೆ ಎರಡೂ ಸರ್ಕಾರಗಳ ವೆಬ್‌ಸೈಟ್ ಇನ್ನೊಮ್ಮೆ ನೋಡಿ. ನನ್ನ ಮಾತು ನಂಬಿ ಹೋಗಬೇಡಿ, ನಿಯಮ ಬದಲಾಗುತ್ತಿರುತ್ತವೆ.

ಉಣಕಲ್ಲಿನ ಬಾಣ · 10 ಅಕ್ಟೋಬರ್

ಎರಡು ಸಣ್ಣ ಮಾತು. ಧಾರವಾಡ ಪೇಡಾ ಒಯ್ಯಬೇಡಿ. ಹಾಲಿನ ಪದಾರ್ಥಕ್ಕೂ ಮಾಂಸಕ್ಕೂ ಎರಡೂ ಕಡೆ ಪ್ರವೇಶ ಇಲ್ಲ, ಮಾಂಸ ಹಾಕಿದ ನಾಯಿಯ ತಿನಿಸಿಗೂ ಇಲ್ಲ. ನಾಲ್ಕು ಕಾಲಿನ ಪೇಡಾ ಒಳಗೆ, ಡಬ್ಬಿಯ ಪೇಡಾ ಕಸಕ್ಕೆ. ಜೋಳದ ರೊಟ್ಟಿ ಒಯ್ಯಿರಿ, ನಡೆಯುತ್ತದೆ.

ಇನ್ನೊಂದು, ನಾಯಿ ಹಡಗಿನ ಕಬ್ಬಿಣದ ಮೇಲೆ ಉಚ್ಚೆ ಹೊಯ್ಯುವುದಿಲ್ಲ. ಬಾಣನಂತೂ ಇಡೀ ರಾತ್ರಿ ಹಿಡಿದುಕೊಂಡಿದ್ದ.

ಕೆಲಗೇರಿ ದಂಡೆ · 10 ಅಕ್ಟೋಬರ್

ಅಯ್ಯೋ. ನಮ್ಮ ಹಿತ್ತಲಿನ ಮಣ್ಣು ಸ್ವಲ್ಪ ಚೀಲದಲ್ಲಿ ತಗೊಂಡು ಹೋಗಲಾ?

ಗದಗಿನ ದನದ ಡಾಕ್ಟರ್ · 10 ಅಕ್ಟೋಬರ್

ಮಣ್ಣು ಖಂಡಿತ ಬೇಡ, ಅದಕ್ಕೂ ನಿಷೇಧ. ಅವನು ಕೂತು ಮಲಗಿ ವಾಸನೆ ಹತ್ತಿಸಿದ ಹಳೆ ಬಟ್ಟೆ ಒಯ್ಯಿರಿ.

ಕೆಲಗೇರಿ ದಂಡೆ · ಕೋಲ್‌ಚೆಸ್ಟರ್ · 5 ನವೆಂಬರ್

ಊರಿನ ಹೆಸರು ಬದಲಾಗಿದೆ ನೋಡಿ. ಬಂದೆವು.

ಬೆಂಗಳೂರಿನ ಕಚೇರಿಯಲ್ಲಿ ಎಲ್ಲ ಸುಸೂತ್ರ. ಸ್ಕಿಪೋಲ್‌ನಲ್ಲಿ ಇಳಿದಾಗ ಶನಿವಾರ ಬೆಳಿಗ್ಗೆ, ಕರ್ನಾಟಕ ರಾಜ್ಯೋತ್ಸವದ ದಿನ. ಪೆಟ್ಟಿಗೆ ಬರುವವರೆಗೆ ನನ್ನ ಜೀವ ಜೀವದಲ್ಲಿರಲಿಲ್ಲ. ತಂದಿಟ್ಟರು, ಬಗ್ಗಿ ನೋಡಿದೆ. ಕೌದಿಯ ಮೇಲೆ ಗದ್ದ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ, ಎಲ್ಲಿ ಹೋಗಿದ್ದೆ ಇಷ್ಟೊತ್ತು ಅನ್ನುವ ಹಾಗೆ. ಅತ್ತೆ ತಮ್ಮ ಹಳೆ ಇಳಕಲ್ ಸೀರೆಯಿಂದ ಹೊಲಿದುಕೊಟ್ಟ ಸಣ್ಣ ಕೌದಿ ಅದು. ಅದರಲ್ಲೇ ಮಿಕ್ಕ ಬಟ್ಟೆಯಲ್ಲಿ ಅವನಿಗೊಂದು ಕೋಟೂ ಆಗಿದೆ. ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ ಹೋಗಿ ಕಾಗದ ತೋರಿಸಿದೆವು. ಚಿಪ್ ಓದಿದರು, ಮುದ್ರೆ ಹೊಡೆದರು, ಅಷ್ಟೇ.

ಅಲ್ಲಿಂದ ಸ್ಕಿಡಾಮ್‌ವರೆಗೆ ರೈಲು, ಅವನಿಗೂ ಒಂದು ಟಿಕೆಟ್. ಆಮೇಲೆ ಮೆಟ್ರೋ, ಅದು ಬಂದರಿನ ಬಾಗಿಲಿಗೇ ಹೋಗುತ್ತದೆ. ಮೆಟ್ರೋದಲ್ಲಿ ಅವನು ಕಿಟಕಿಗೆ ಮೂಗು ಒತ್ತಿ ಆಕಳು ನೋಡಿದ. ಆಕಳು ಇಲ್ಲೂ ಇವೆ ಅನ್ನುವುದು ಅವನಿಗೆ ದೊಡ್ಡ ಸಮಾಧಾನ ಆದ ಹಾಗಿತ್ತು.

ಭಯ ಆಗಿದ್ದು ಹಡಗಿನ ಚೆಕ್-ಇನ್‌ನಲ್ಲಿ. ಅಲ್ಲಿ ಹತ್ತುವ ಮುಂಚೆಯೇ ನಾಯಿಯ ತಪಾಸಣೆ. ಆ ಹುಡುಗಿ ಸ್ಕ್ಯಾನರ್ ಅನ್ನು ಕುತ್ತಿಗೆ ಹಿಂದೆ ಆಡಿಸಿದಳು. ಸದ್ದಿಲ್ಲ. ಮತ್ತೆ ಆಡಿಸಿದಳು. ಸದ್ದಿಲ್ಲ. ಬೆಳಿಗ್ಗೆ ತಾನೇ ಓದಿದ ಚಿಪ್ಪು ಎಲ್ಲಿ ಹೋಯಿತು? ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಮನಸ್ಸಿನಲ್ಲಿ ಸಿದ್ಧಾರೂಢ ಅಜ್ಜಗೆ ಹರಕೆ ಹೊತ್ತೆ. ಮನೆಯವರು ಕೌದಿ ಕೋಟು ಬಿಚ್ಚಿದರು. ಮೂರು ಪದರ ಸೀರೆ, ಒಳಗೆ ಹತ್ತಿ. ಹುಡುಗಿ ಭುಜದಿಂದ ಕೆಳಗೆ ಮುಂಗಾಲಿನವರೆಗೆ ನಿಧಾನ ಇಳಿಸಿದಳು. ಎಡ ಭುಜದ ಹತ್ತಿರ ಕೀಂ ಅಂತು. ಚಿಪ್ಪು ಹಾಕಿದ ಜಾಗದಿಂದ ಜಾರಿ ಕೆಳಗೆ ಬಂದಿತ್ತಂತೆ, ಹಾಗೆ ಆಗುವುದು ಮಾಮೂಲು ಅಂದಳು. ಆಮೇಲೆ ಗುಳಿಗೆ ಕೊಟ್ಟ ಗಂಟೆ ನೋಡಿ ಬೆರಳಲ್ಲಿ ಎಣಿಸಿದಳು. ಡಾಕ್ಟ್ರೇ, ಆಗ ನಿಮ್ಮನ್ನು ನೆನೆದೆ.

ಗಾಳಿ ಜೋರಿತ್ತು, ಹಡಗು ತೊಟ್ಟಿಲ ಹಾಗೆ ತೂಗಿತು. ನಾನು ವಾಂತಿ ಮಾಡಿಕೊಂಡೆ. ಪೇಡಾ ಕ್ಯಾಬಿನ್ನಿನ ನೆಲದ ಮೇಲೆ ಕೌದಿ ಎಳೆದುಕೊಂಡು, ಮೂರು ಸುತ್ತು ಸುತ್ತಿ ಮಲಗಿದ. ನಡುರಾತ್ರಿ ಡೆಕ್ಕಿಗೆ ಕರೆದುಕೊಂಡು ಹೋದೆವು. ಕಾಲೆತ್ತಲಿಲ್ಲ. ಮತ್ತೆ ನಾಲ್ಕಕ್ಕೆ ಹೋದೆವು. ಇಲ್ಲ. ಬಾಣನವರೇ, ನೀವು ಹೇಳಿದ್ದೇ ಆಯಿತು.

ಹಾರ್ವಿಚ್‌ನಲ್ಲಿ ಇಳಿದು ಹೊರಗೆ ಬಂದಾಗ ಇನ್ನೂ ಮಬ್ಬುಗತ್ತಲೆ, ಸಣ್ಣ ಮಳೆ. ನಮ್ಮ ಆಗಸ್ಟ್ ಮಳೆಯ ಹಾಗೇ. ಸ್ಟೇಷನ್ ಹತ್ತಿರ ಒಂದು ದೀಪದ ಕಂಬ. ಅದನ್ನು ಪೂರ್ತಿ ಒಂದು ಸುತ್ತು ಮೂಸಿದ. ಆಮೇಲೆ ಕಾಲೆತ್ತಿ ನಿಂತವನು, ದೇವರೇ, ಇಳಿಸಲೇ ಇಲ್ಲ. ನಮ್ಮ ಮನೆಯವರು ಗಡಿಯಾರ ನೋಡಿಕೊಂಡು ನಿಂತಿದ್ದರು.

ಹಾವೇರಿ ಏಲಕ್ಕಿ · 5 ನವೆಂಬರ್

ಎಷ್ಟು ನಿಮಿಷ ಆಯಿತು?

ಕೆಲಗೇರಿ ದಂಡೆ · ಕೋಲ್‌ಚೆಸ್ಟರ್ · 5 ನವೆಂಬರ್

ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ. ಅಂದ ಹಾಗೆ ಇಲ್ಲಿ ಹೊರಗೆ ಓಡಾಡುವ ನಾಯಿಯ ಕೊರಳಲ್ಲಿ ಮಾಲೀಕರ ಹೆಸರು, ವಿಳಾಸದ ಬಿಲ್ಲೆ ಇರಲೇಬೇಕಂತೆ. ನಿನ್ನೆ ಕೆತ್ತಿಸಿದೆವು. ಅಂಗಡಿಯವನು ನಾಯಿಯ ಹೆಸರು ಕೇಳಿ, ಹಾಗಂದರೆ ಏನು ಅಂದ. ಹೇಗೆ ಹೇಳಲಿ, ಡಬ್ಬಿ ತರಬೇಡಿ ಅಂತ ನೀವೇ ಹೇಳಿಬಿಟ್ಟಿದ್ದಿರಿ.

ನವಲೂರು ಪೇರಲ · 6 ನವೆಂಬರ್

ನಿಮ್ಮ ಓಣಿಯ ಕಡೆ ನಿನ್ನೆ ಹೋಗಿದ್ದೆ, ಅತ್ತೆಯವರನ್ನು ಮಾತಾಡಿಸಿ ಬಂದೆ. ಸಿಡಿ ಕೆಳಗೆ ಒಂದು ಕರಿ ಮರಿ ಕೂತಿತ್ತು. ಅವರು ಅದಕ್ಕೆ ರೊಟ್ಟಿ ನೆನೆಸಿ ಹಾಕುತ್ತಿದ್ದರು. ಸಾಕುತ್ತೀರಾ ಅಂದೆ. "ಇಲ್ರಿ, ಸುಮ್ನ ಹಾಕೀನಿ" ಅಂದರು. ಚಿಪ್ ಈಗಲೇ ಹಾಕಿಸಲಾ?